ನೆಲಮಾಳಿಗೆಯ ನಕ್ಷೆಗೆ ಯಾವ ಸಾಧನ? ಗ್ರಿಡ್‌ಮಾಂಗರ್, ಗ್ರಿಡ್ ಕಾರ್ಟೋಗ್ರಾಫರ್, ಗ್ರಾಫ್ ಹಾಳೆ

1981ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬಂದ, ನೆಲಮಾಳಿಗೆಯಲ್ಲಿ ಅಲೆಯುವ ಆಟ ಮೊದಲ ‘ವಿಝರ್ಡ್ರಿ’ಯಲ್ಲಿ ಹತ್ತು ಅಂತಸ್ತುಗಳಿವೆ. ಒಂದೊಂದು ಅಂತಸ್ತಿನಲ್ಲಿ 20×20, ಅಂದರೆ 400 ಮನೆ. ಪರದೆಯ ಮೇಲೆ ಕಾಣುವುದು ಮಾತ್ರ ಎದುರಿಗಿರುವ ಕೆಲವು ಗೋಡೆಗಳ ಗೆರೆ. ನಕ್ಷೆಯನ್ನು ಆಡುವವರೇ ಬಿಡಿಸಿಕೊಳ್ಳಬೇಕು. 1985ರ ‘ಬಾರ್ಡ್ಸ್ ಟೇಲ್’ನ 22×22 ನೆಲಮಾಳಿಗೆಗಳು, ಮೊದಲ ‘ಮೈಟ್ ಅಂಡ್ ಮ್ಯಾಜಿಕ್’ನ 16×16 ಪ್ರದೇಶಗಳು, 1991ರ ‘ಐ ಆಫ್ ದಿ ಬಿಹೋಲ್ಡರ್’, ಎಲ್ಲದರದ್ದೂ ಇದೇ ಕಥೆ. ಈ ಆಟಗಳನ್ನು ಕಟ್ಟಿದವರು ನಕ್ಷೆ ಬಿಡಿಸುವ ಕೈಯನ್ನು ಗಮನದಲ್ಲಿಟ್ಟುಕೊಂಡೇ ಬಲೆ ಹೆಣೆದಿದ್ದಾರೆ. ಗೊತ್ತಿಲ್ಲದಂತೆ ದಿಕ್ಕು ತಿರುಗಿಸುವ ಸ್ಪಿನ್ನರ್, ಸದ್ದಿಲ್ಲದೆ ಬೇರೆಡೆ ಎತ್ತಿಹಾಕುವ ಟೆಲಿಪೋರ್ಟರ್, ಮಂತ್ರದ ಬೆಳಕೂ ಹತ್ತದ ಕತ್ತಲ ಪಟ್ಟಿ, ಎಲ್ಲವೂ ನಕ್ಷೆಯ ಮೇಲೇ ನಡೆಯುವ ದಾಳಿ.

ಹಾಗಾಗಿ ನಕ್ಷೆ ಸಾಧನಗಳನ್ನು ಅಳೆಯಲು ನಮ್ಮಲ್ಲಿರುವುದು ಒಂದೇ ಕೋಲು. ದಾರಿ ನೆಟ್ಟಗಿರುವಾಗ ಯಾವುದಾದರೂ ನಡೆಯುತ್ತದೆ. ಹದಿನೈದು ಮನೆ ತಪ್ಪು ಜಾಗದಲ್ಲಿ ಬಿಡಿಸಿದ್ದೇವೆ ಎಂದು ತಿಳಿದ ಮೇಲೆ ಅದನ್ನು ಎಷ್ಟು ಬೇಗ, ಎಷ್ಟು ನಷ್ಟವಿಲ್ಲದೆ ಸರಿಪಡಿಸಿಕೊಳ್ಳಬಹುದು? ಇದಕ್ಕೆ ಉತ್ತಮ ಉತ್ತರ ಇರುವುದು ಗ್ರಿಡ್‌ಮಾಂಗರ್ ಎಂಬ ನಕ್ಷೆ ಬಿಡಿಸುವ ತಂತ್ರಾಂಶದಲ್ಲಿ.

ಮೊದಲು ಕಾಗದದ ಮಾತು. ಎಸ್‌ಎಸ್‌ಎಲ್‌ಸಿ ಮಕ್ಕಳು ಗಣಿತಕ್ಕೆ ಕೊಳ್ಳುವ ಮಿಲಿಮೀಟರ್ ಗ್ರಾಫ್ ಹಾಳೆ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ, ಆದರೆ ಅಳತೆಯನ್ನು ಮೊದಲೇ ಲೆಕ್ಕ ಹಾಕಿಕೊಂಡಿರಬೇಕು. ಒಂದು ಸೆಂಟಿಮೀಟರಿಗೆ ಒಂದು ಮನೆ ಎಂದು ಹಿಡಿದರೆ ಮೈಟ್ ಅಂಡ್ ಮ್ಯಾಜಿಕ್‌ನ 16 ಮನೆ ಎ4 ಅಗಲದಲ್ಲಿ ಕೂರುತ್ತವೆ, ವಿಝರ್ಡ್ರಿಯ 20 ಮನೆ ಸಾಮಾನ್ಯವಾಗಿ ಅಚ್ಚಾದ ಗೆರೆಗಳ ಅಂಚಿನಾಚೆ ಹೋಗುತ್ತವೆ. 5 ಮಿ.ಮೀ.ಗೆ ಒಂದು ಮನೆ ಇಟ್ಟುಕೊಂಡರೆ 20 ಮನೆಗೆ 10 ಸೆಂ.ಮೀ., 22ಕ್ಕೆ 11, ಐ ಆಫ್ ದಿ ಬಿಹೋಲ್ಡರ್‌ನ 32ಕ್ಕೆ 16. ಆಗ ಒಂದೇ ಹಾಳೆಯಲ್ಲಿ ವಿಝರ್ಡ್ರಿಯ ಎರಡು ಅಂತಸ್ತು ಒಂದರ ಕೆಳಗೊಂದು ಹಿಡಿಸುತ್ತವೆ. ಎಚ್‌ಬಿ ಪೆನ್ಸಿಲ್ ಇರಲಿ, ಪೆನ್ ಬೇಡ. ಎಲ್ಲಿದ್ದೇವೆ ಎಂಬ ಅನುಮಾನ ಬಂದ ಕೂಡಲೇ ಮೂಲ ಹಾಳೆಯನ್ನು ಬದಿಗಿಟ್ಟು ಟ್ರೇಸಿಂಗ್ ಹಾಳೆಯ ಮೇಲೆ ಹೊಸದಾಗಿ ಶುರು ಮಾಡಿ. ಗುರುತಿನ ಕೋಣೆಯೊಂದು ಸಿಕ್ಕಾಗ ಅದನ್ನು ಮೂಲದ ಮೇಲಿಟ್ಟು, ಬೇಕಾದರೆ ತಿರುಗಿಸಿ, ಗೋಡೆಗೆ ಗೋಡೆ ಕೂಡಿಸಿ ನಕಲು ಮಾಡಿಕೊಳ್ಳಬಹುದು. ಇಷ್ಟು ಮಾಡಿದರೆ ಕಾಗದದ ದೊಡ್ಡ ಕೊರತೆ ಅರ್ಧ ನೀಗುತ್ತದೆ.

ಸ್ಪ್ರೆಡ್‌ಶೀಟ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಕಾಲಂ ಅಗಲ, ಸಾಲಿನ ಎತ್ತರ ಎರಡನ್ನೂ 0.6 ಸೆಂ.ಮೀ. ಮಾಡಿದರೆ ಚೌಕ ಸಿಗುತ್ತದೆ. ಎಕ್ಸೆಲ್‌ನಲ್ಲಿ ಅಗಲಕ್ಕೆ ಅಕ್ಷರದ ಲೆಕ್ಕ, ಎತ್ತರಕ್ಕೆ ಪಾಯಿಂಟ್ ಲೆಕ್ಕ. ಎಳೆಯುವಾಗ ಕಾಣುವ ಪಿಕ್ಸೆಲ್ ಸಂಖ್ಯೆ ನೋಡಿಕೊಂಡು ಎರಡನ್ನೂ 20ಕ್ಕೆ ತನ್ನಿ. ಆದರೆ ಒಂದೊಂದು ಗೋಡೆಗೂ ಬಾರ್ಡರ್ ಮೆನು ತೆರೆಯಬೇಕು. ಮನೆಗಳ ಗುಂಪನ್ನು ಎತ್ತಿ ಸರಿಸಿದರೆ ಪಕ್ಕದ ಮನೆಗೆ ಅಂಟಿದ ಬಾರ್ಡರ್ ಅಲ್ಲೇ ಉಳಿದು ಇಲ್ಲದ ಗೋಡೆ ಹುಟ್ಟುತ್ತದೆ. ತಪ್ಪು ತಿದ್ದಲು ಹೋಗಿ ಹೊಸ ತಪ್ಪು ತರುವ ಸಾಧನವನ್ನು ಶಿಫಾರಸು ಮಾಡಲಾಗದು.

ಈಗ ಗ್ರಿಡ್‌ಮಾಂಗರ್. ಉಚಿತ, ಮೂಲ ಸಂಕೇತವೂ ತೆರೆದಿದೆ, ವಿಂಡೋಸ್ ಮತ್ತು ಮ್ಯಾಕ್‌ನಲ್ಲಿ ಓಡುತ್ತದೆ. ಇದು ಕೀಬೋರ್ಡಿನ ಸಾಧನ. ಬಾಣದ ಕೀಲಿಯಲ್ಲೋ, ವಿಮ್ ಎಂಬ ಪಠ್ಯ ಸಂಪಾದಕ ಬಲ್ಲವರಿಗೆ ಒಗ್ಗಿದ ಎಚ್-ಜೆ-ಕೆ-ಎಲ್‌ನಲ್ಲೋ ಕರ್ಸರ್ ನಡೆಸಬಹುದು. ‘ಡಿ’ ಒತ್ತಿ ಹಿಡಿದು ನಡೆದರೆ ಹಾದಿ ಅಗೆಯುತ್ತಾ ಹೋಗುತ್ತದೆ, ಎರಡೂ ಬದಿಗೆ ಗೋಡೆ ತಾನೇ ಏಳುತ್ತದೆ. ‘ಡಬ್ಲ್ಯೂ’ ಹಿಡಿದು ದಿಕ್ಕಿನ ಕೀಲಿ ಒತ್ತಿದರೆ ಆ ಬದಿಯ ಗೋಡೆ ಬರುತ್ತದೆ ಅಥವಾ ಹೋಗುತ್ತದೆ. ‘ಇ’ ಅಳಿಸುತ್ತದೆ, ‘ಎನ್’ ಟಿಪ್ಪಣಿ ತೆರೆಯುತ್ತದೆ. ನಿಂತ ದಿಕ್ಕಿಗೆ ತಕ್ಕಂತೆ ಮುಂದೆ-ಹಿಂದೆ ನಡೆಯುವ ವಾಕ್ ಮೋಡ್ ಬೇರೆ ಇದೆ. ಆಟದಲ್ಲಿ ಒತ್ತಿದ ಹಾಗೆಯೇ ಇಲ್ಲಿಯೂ ಒತ್ತುತ್ತಾ ಹೋಗಬಹುದಾದ್ದರಿಂದ ‘ಈಗ ಎಡ ಎಂದರೆ ದಕ್ಷಿಣವೋ ಉತ್ತರವೋ’ ಎಂಬ ಗೊಂದಲವೇ ಇಲ್ಲ. ನಕ್ಷೆಯಲ್ಲಾಗುವ ತಪ್ಪುಗಳಲ್ಲಿ ಬಹುಪಾಲು ಹುಟ್ಟುವುದು ಆ ಗೊಂದಲದಲ್ಲೇ.

ಅಗೆಯುವಾಗ ಒಂದು ಅಪಾಯವಿದೆ, ಹೊಸಬರು ಎಲ್ಲರೂ ಇದರಲ್ಲಿ ಬೀಳುತ್ತಾರೆ. ಬದಿಯ ಗೋಡೆ ತಾನೇ ಏಳುವುದರಿಂದ, ನೋಡದೆ ಬಿಟ್ಟ ಪಕ್ಕದ ಬಾಗಿಲೂ ನಕ್ಷೆಯಲ್ಲಿ ಗೋಡೆಯಾಗಿಯೇ ಕಾಣುತ್ತದೆ. ಮೂರು ದಿನ ಬಿಟ್ಟು ನೋಡಿದರೆ ಪರೀಕ್ಷಿಸಿದ ಗೋಡೆ ಯಾವುದು, ಊಹೆಯ ಗೋಡೆ ಯಾವುದು ಎಂದು ಹೇಳಲಾಗದು. ಆದ್ದರಿಂದ ವಿಝರ್ಡ್ರಿ, ಬಾರ್ಡ್ಸ್ ಟೇಲ್‌ನಂತಹ ತೆಳುಗೋಡೆಯ ಆಟಗಳಲ್ಲಿ, ಅಂದರೆ ಗೋಡೆ ಎರಡು ಮನೆಗಳ ನಡುವಿನ ಗೆರೆಯಷ್ಟೇ ಆಗಿರುವ ಕಡೆ, ಮನೆ ಮನೆಗೂ ನಿಂತು ಎಡ-ಬಲ ನೋಡಿ, ಆಮೇಲೆ ಅಗೆಯಿರಿ. ‘ಡಂಜನ್ ಮಾಸ್ಟರ್’, ‘ಐ ಆಫ್ ದಿ ಬಿಹೋಲ್ಡರ್’ನಲ್ಲಿ ಗೋಡೆಯೇ ಒಂದು ಪೂರ್ತಿ ಮನೆ, ಅಲ್ಲಿ ಈ ಅಗೆತ ಹೇಳಿ ಮಾಡಿಸಿದ ಹಾಗಿದೆ. ಸನ್ನೆಕೋಲು, ಗೂಡು, ಬೀಗದ ಕಿಂಡಿ, ಹುಸಿಗೋಡೆ, ಒಂದೇ ಕಡೆಯಿಂದ ತೆರೆಯುವ ಬಾಗಿಲು, ಎಲ್ಲಕ್ಕೂ ಸಿದ್ಧ ಗುರುತುಗಳಿವೆ.

ಶುರು ಮಾಡುವ ಮೊದಲು ಎರಡು ನಿಮಿಷ ಕೊಟ್ಟು ಮನೆಗಳ ಸ್ಥಾನ ಹೇಳುವ ಅಂಕಿಗಳನ್ನು ಆಟಕ್ಕೆ ಹೊಂದಿಸಿ. ವಿಝರ್ಡ್ರಿಗೆ 20 ಕಾಲಂ, 20 ಸಾಲು, ಮೂಲಬಿಂದು ನೈಋತ್ಯದ ಮೂಲೆ, ಎಣಿಕೆ 0ಯಿಂದ. ಮೊದಲ ಅಂತಸ್ತಿನ ಮೆಟ್ಟಿಲು ಆ 0,0 ಮನೆಯಲ್ಲೇ ಇದೆ, ‘ಡುಮಾಪಿಕ್’ ಮಂತ್ರ ಹೇಳುವ ಪೂರ್ವ-ಉತ್ತರದ ಲೆಕ್ಕವೂ ಅಲ್ಲಿಂದಲೇ. ಮೈಟ್ ಅಂಡ್ ಮ್ಯಾಜಿಕ್‌ಗೂ ನೈಋತ್ಯವೇ, 0ಯಿಂದ 15. ಆದರೆ 1988ರ ‘ಪೂಲ್ ಆಫ್ ರೇಡಿಯನ್ಸ್’ ವಾಯವ್ಯದಿಂದ ಎಣಿಸುತ್ತದೆ; ಹಳೆಯ ಸೆಟ್ಟಿಂಗ್ ಹಾಗೇ ಬಿಟ್ಟರೆ ನಕ್ಷೆ ತಲೆಕೆಳಗಾಗುತ್ತದೆ. ಮೈಟ್ ಅಂಡ್ ಮ್ಯಾಜಿಕ್‌ನ ಹೊರನಾಡು ಎ1ರಿಂದ ಇ4ರ ತನಕ ಇಪ್ಪತ್ತು ಪ್ರದೇಶ. ಅದಕ್ಕೆ 80×64ರ ಒಂದೇ ಅಂತಸ್ತು ಮಾಡಿ, ‘ರೀಜನ್’ ಸೌಲಭ್ಯದಲ್ಲಿ 16×16ಕ್ಕೆ ಹೋಳು ಮಾಡಿದರೆ ಇಡೀ ನಾಡು ಒಂದೇ ಕಡೆ ಕಾಣುತ್ತದೆ. ಇಪ್ಪತ್ತು ಹಾಳೆ ಅಂಟಿಸಿ ಗೋಡೆಗೆ ಹಾಕಿಕೊಳ್ಳುತ್ತಿದ್ದ ಕೆಲಸ ಇಲ್ಲಿ ಎರಡು ಅಂಕಿಯಲ್ಲಿ ಮುಗಿಯುತ್ತದೆ. ನಿಜಕ್ಕೂ ಸಂತೋಷ ಕೊಡುವ ಸೌಲಭ್ಯ.

ವಿಝರ್ಡ್ರಿಯ ಅಂಚುಗಳು ಸುತ್ತಿ ಬರುತ್ತವೆ: 19ನೇ ಮನೆಯಿಂದ ಪೂರ್ವಕ್ಕೆ ಒಂದು ಹೆಜ್ಜೆ ಇಟ್ಟರೆ 0ಯಲ್ಲಿರುತ್ತೀರಿ. ಗ್ರಿಡ್‌ಮಾಂಗರ್‌ನಲ್ಲೂ ಕರ್ಸರ್ ಹೀಗೆ ಸುತ್ತುವಂತೆ ಸೆಟ್ಟಿಂಗ್ ಹಾಕಬಹುದು. ಟೆಲಿಪೋರ್ಟರಿನ ಎರಡು ತುದಿಗಳನ್ನೂ ಅಂತಸ್ತುಗಳ ನಡುವಿನ ಮೆಟ್ಟಿಲುಗಳನ್ನೂ ಜೋಡಿಯಾಗಿ ಕೊಂಡಿ ಹಾಕಿದರೆ ಒಂದೇ ಕೀಲಿಗೆ ಆಚೆ ತುದಿಗೆ ಹಾರಬಹುದು. 1ರಿಂದ 4ಕ್ಕೆ ಒಂದು, 4ರಿಂದ 9ಕ್ಕೆ ಇನ್ನೊಂದು ಹೀಗಿರುವ ಲಿಫ್ಟ್‌ಗಳಿಗೆ ಪ್ರತಿ ಅಂತಸ್ತಿನಲ್ಲೂ ಒಂದೇ ಅಕ್ಷರದ ಟಿಪ್ಪಣಿ ಹಾಕುವುದು ಸುಲಭ. ಇನ್ನು ನಮ್ಮ ಅಳತೆಗೋಲಿನ ಪ್ರಶ್ನೆ: ತಪ್ಪು ಜಾಗದಲ್ಲಿ ಬಿಡಿಸಿದ ಭಾಗವನ್ನು ಆರಿಸಿ, ಕತ್ತರಿಸಿ, ಸರಿಯಾದ ಮನೆಯಲ್ಲಿ ಅಂಟಿಸಿದರೆ ಗೋಡೆ, ಬಾಗಿಲು, ಟಿಪ್ಪಣಿ ಎಲ್ಲವೂ ಜೊತೆಗೇ ಬರುತ್ತವೆ. ಅರ್ಧ ನಿಮಿಷದ ಕೆಲಸ.

ಕೊರತೆಗಳೂ ಇವೆ. ಮೊದಲ ಒಂದು ಗಂಟೆ ಕೀಲಿಗಳನ್ನು ಬಾಯಿಪಾಠ ಮಾಡುವುದರಲ್ಲೇ ಹೋಗುತ್ತದೆ; ಮೌಸ್ ಬಿಟ್ಟಿರಲಾರದವರಿಗೆ ಇದು ಒಗ್ಗುವುದು ಕಷ್ಟ. ಚಿಕ್ಕ ಲ್ಯಾಪ್‌ಟಾಪ್‌ನಲ್ಲಿ ಆಟ, ನಕ್ಷೆ ಎರಡೂ ಅಕ್ಕಪಕ್ಕ ಇಕ್ಕಟ್ಟು. ಹಳೆಯ ಡಾಸ್ ಆಟಗಳನ್ನು ಇಂದಿನ ಕಂಪ್ಯೂಟರಿನಲ್ಲಿ ಓಡಿಸುವ ಡಾಸ್‌ಬಾಕ್ಸ್ ಪೂರ್ತಿ ಪರದೆ ಆವರಿಸಿದ್ದರೆ ಆಲ್ಟ್-ಎಂಟರ್ ಒತ್ತಿ ಕಿಟಕಿಗೆ ತನ್ನಿ, ಹಿಡಿದಿಟ್ಟ ಮೌಸನ್ನು ಕಂಟ್ರೋಲ್-ಎಫ್10 ಬಿಡಿಸುತ್ತದೆ.

ಮೌಸ್ ಬೇಕು, ನಕ್ಷೆಯನ್ನು ಚಿತ್ರವಾಗಿ ಹೊರತೆಗೆದು ಮುದ್ರಿಸಬೇಕು ಎನ್ನುವವರು ಗ್ರಿಡ್ ಕಾರ್ಟೋಗ್ರಾಫರ್‌ಗೆ ದುಡ್ಡು ಕೊಡಬಹುದು, ಮೋಸವಿಲ್ಲ. ಅದರ ದೊಡ್ಡ ಹೆಸರು ‘ಗೇಮ್ ಲಿಂಕ್’: ಅದಕ್ಕೆ ಹೊಂದಿಸಿದ ಎಮ್ಯುಲೇಟರಿನಲ್ಲಿ (ಹಳೆಯ ಕಂಪ್ಯೂಟರನ್ನು ಅನುಕರಿಸುವ ತಂತ್ರಾಂಶದಲ್ಲಿ) ಆಡಿದರೆ ತಂಡ ನಿಂತ ಜಾಗ ನಕ್ಷೆಯ ಮೇಲೆ ತಾನೇ ಕಾಣುತ್ತದೆ. ಸೌಲಭ್ಯ ಚೊಕ್ಕಟವಾಗಿದೆ, ಆದರೆ ವಿಝರ್ಡ್ರಿಗೆ ಅದನ್ನು ಹಾಕಬೇಡಿ. ಸ್ಪಿನ್ನರ್ ತಿರುಗಿಸಿದ್ದು ಆ ಕ್ಷಣವೇ ಬಯಲಾದರೆ ಆ ಬಲೆ ಅಲ್ಲಿದ್ದೂ ಇಲ್ಲದ ಹಾಗೆ. ಡಾಸ್‌ಬಾಕ್ಸ್‌ನ ಮೆಮೊರಿ ಓದಿ ನಕ್ಷೆ ತೋರಿಸುವ ‘ಗೋಲ್ಡ್ ಬಾಕ್ಸ್ ಕಂಪ್ಯಾನಿಯನ್’ (ಪೂಲ್ ಆಫ್ ರೇಡಿಯನ್ಸ್ ಸರಣಿಗೆ), ‘ಆಲ್-ಸೀಯಿಂಗ್ ಐ’ (ಐ ಆಫ್ ದಿ ಬಿಹೋಲ್ಡರ್‌ಗೆ) ಕೂಡ ಇದೇ ಜಾತಿಯವು. ಪೂಲ್ ಆಫ್ ರೇಡಿಯನ್ಸ್ ಪರದೆಯ ಮೇಲೇ ಅಂಕಿ ತೋರಿಸುತ್ತದೆ, ಹಲವು ಕಡೆ ಮೇಲಿನಿಂದ ಕಾಣುವ ‘ಏರಿಯಾ’ ನೋಟವನ್ನೂ ಕೊಡುತ್ತದೆ. ಅಲ್ಲಿ ಕಂಪ್ಯಾನಿಯನ್ ಬಳಸಿದರೆ ಆಟಕ್ಕೆ ಕುಂದಿಲ್ಲ.

ಗೇಮ್ ಲಿಂಕ್‌ನಂಥವನ್ನು ಬಿಟ್ಟರೆ ಸ್ಪಿನ್ನರ್ ಹಿಡಿಯುವ ಕೆಲಸ ಯಾವ ಸಾಧನದ್ದೂ ಅಲ್ಲ. ಅನುಮಾನದ ಮನೆಗೆ ಕಾಲಿಡುವ ಮೊದಲು ಒಮ್ಮೆ, ಇಟ್ಟ ಮೇಲೆ ಒಮ್ಮೆ ಡುಮಾಪಿಕ್ ಹಾಕಿ. ಅದು ಜಾಗದ ಜೊತೆ ಮುಖದ ದಿಕ್ಕನ್ನೂ ಹೇಳುತ್ತದೆ. ಒಮ್ಮೆ ತಿರುಗದಿದ್ದರೆ ಸ್ಪಿನ್ನರ್ ಇಲ್ಲವೆಂದು ತೀರ್ಮಾನಿಸಬೇಡಿ, ತಿರುಗಿ ಮೊದಲಿನ ದಿಕ್ಕಿಗೇ ಬಂದು ನಿಂತಿರಬಹುದು. ಐ ಆಫ್ ದಿ ಬಿಹೋಲ್ಡರ್‌ನಲ್ಲಿ ದಿಕ್ಸೂಚಿ ಪರದೆಯ ಮೇಲೇ ಇದೆ. ಅಲ್ಲಿ ಒಂದು ಕಲ್ಲನ್ನೋ ಬಾಣವನ್ನೋ ನೆಲಕ್ಕೆ ಹಾಕಿ ಹೋದರೆ ಅದು ಅಲ್ಲೇ ಇರುತ್ತದೆ, ಮರಳಿ ಬಂದದ್ದು ಅದೇ ಜಾಗಕ್ಕೋ ಅಲ್ಲವೋ ತಿಳಿಯುತ್ತದೆ. ವಿಝರ್ಡ್ರಿಯ ಕತ್ತಲ ಪಟ್ಟಿಯಲ್ಲಿ ಪ್ರತಿ ಮನೆಯ ನಾಲ್ಕೂ ಬದಿಗೆ ಢಿಕ್ಕಿ ಹೊಡೆದು ‘ಔಚ್’ ಬಂದ ಕಡೆ ಗೋಡೆ ಹಾಕಬೇಕು, ಬೇರೆ ದಾರಿಯಿಲ್ಲ.

ವಿಝರ್ಡ್ರಿಯಲ್ಲಿ ತಂಡವನ್ನು ಬೇರೆಡೆಗೆ ಹಾರಿಸುವ ‘ಮಾಲೋರ್’ ಮಂತ್ರ ನಿಂತ ಜಾಗದಿಂದ ಎಷ್ಟು ಮನೆ ಪೂರ್ವ ಅಥವಾ ಪಶ್ಚಿಮ, ಎಷ್ಟು ಉತ್ತರ ಅಥವಾ ದಕ್ಷಿಣ, ಎಷ್ಟು ಅಂತಸ್ತು ಮೇಲೆ ಅಥವಾ ಕೆಳಗೆ ಎಂದು ಕೇಳುತ್ತದೆ. ಲೆಕ್ಕ ತಪ್ಪಿ ಬಂಡೆಯೊಳಗೆ ಇಳಿದರೆ ಇಡೀ ತಂಡ ಹೋಯಿತು. ಅದನ್ನು ಹಾಕುವ ಮುನ್ನ ಡುಮಾಪಿಕ್ ಹೇಳಿದ ಅಂಕಿಯೂ ನಕ್ಷೆಯಲ್ಲಿ ಕರ್ಸರ್ ನಿಂತ ಮನೆಯ ಅಂಕಿಯೂ ಒಂದೇ ಇದೆಯೇ ನೋಡಿಕೊಳ್ಳಿ. ಒಂದೇ ಒಂದು ಮನೆಯ ವ್ಯತ್ಯಾಸ ಕಂಡರೂ ನಡೆದೇ ಹೋಗಿ.