ಒಂದು ಚಾಕು, ನಾಲ್ಕು ಒರೆ: ಮೂರು ವರ್ಷ ಬಳಸಿದ ಮೇಲೆ

ಚಾಕು ಒಂದೇ. ನಾಲ್ಕಿಂಚಿನ ಅಲಗು, ಕಾರ್ಬನ್ ಸ್ಟೀಲ್, ಮಡಚೋಕೆ ಬರುವುದಿಲ್ಲ. ಮೂರು ವರ್ಷದಲ್ಲಿ ಅದಕ್ಕೆ ನಾಲ್ಕು ಒರೆ ಆಗಿವೆ. ಕೊಳ್ಳುವಾಗ ಸ್ಟೀಲ್ ಯಾವುದು, ಹಿಡಿ ಎಂಥದ್ದು ಅಂತ ಹದಿನೈದು ದಿನ ತಲೆ ಕೆಡಿಸಿಕೊಂಡಿದ್ದೆ. ಒರೆಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಜೊತೆಗೆ ಬರುತ್ತಲ್ಲ, ಸಾಕು ಅಂದುಕೊಂಡಿದ್ದೆ.

ನಮ್ಮ ಊರು ಗಂಗಾವತಿ ಹತ್ತಿರ. ವಾರವೆಲ್ಲ ಹೊಲದ ಕೆಲಸ. ಸುತಳಿ ಕೊಯ್ಯಬೇಕು, ಗೊಬ್ಬರದ ಚೀಲ ಬಿಚ್ಚಬೇಕು, ಡ್ರಿಪ್ ಪೈಪ್ ಕತ್ತರಿಸಬೇಕು. ಭಾನುವಾರ ಬಂತಂದ್ರೆ ಗೆಳೆಯರ ಜೊತೆ ಆನೆಗೊಂದಿ, ಸಾಣಾಪುರದ ಕಡೆ ಬಂಡೆ ಹತ್ತುವ ಚಟ. ಹಾಗಾಗಿ ಚಾಕು ಸೊಂಟದಲ್ಲಿ ಇದ್ದಷ್ಟು ಹೊತ್ತು ಕೈಯಲ್ಲಿ ಇರುವುದಿಲ್ಲ. ಇಷ್ಟು ಸಣ್ಣ ಲೆಕ್ಕ ನನಗೆ ಹೊಳೆದದ್ದು ತೊಡೆಗೆ ಮೂರು ಹೊಲಿಗೆ ಬಿದ್ದ ಮೇಲೆ.

ಚಾಕುವಿನ ಜೊತೆ ಬಂದದ್ದು ನೈಲಾನ್ ಒರೆ. ಒಳಗೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ, ಹೊರಗೆ ಚೀಲದಂಥ ಬಟ್ಟೆ, ಮೇಲೊಂದು ಗುಂಡಿ. ನಾಲ್ಕು ತಿಂಗಳು ಚೆನ್ನಾಗಿಯೇ ಇತ್ತು. ಒಂದು ದಿನ ಆನೆಗೊಂದಿಯಲ್ಲಿ ಎರಡು ಬಂಡೆಗಳ ಸಂದಿನಲ್ಲಿ ಕೂತುಕೊಂಡೇ ಜಾರಿ ಇಳಿಯುತ್ತಿದ್ದೆ. ತೊಡೆ ಹತ್ತಿರ ಇರುವೆ ಕಚ್ಚಿದ ಹಾಗಾಯಿತು. ಕೆಳಗೆ ಬಂದು ನೋಡಿದರೆ ಪ್ಯಾಂಟ್ ಒದ್ದೆ. ಒಳಗಿನ ಹಾಳೆ ಯಾವಾಗಲೋ ಸೀಳಿತ್ತು, ಅಲಗಿನ ತುದಿ ಕೆಳಗಿನ ಮೂಲೆಯಿಂದ ಅರ್ಧ ಇಂಚು ಹೊರಗೆ ಇಣುಕುತ್ತಿತ್ತು. ಹೊರಗಿಂದ ನೋಡಿದರೆ ಒರೆ ಹೊಸದರ ಹಾಗೇ ಇತ್ತು. ಅದೇ ಅದರ ದೊಡ್ಡ ದೋಷ. ಒಳಗೆ ಏನಾಗಿದೆ ಅಂತ ಗೊತ್ತೇ ಆಗುವುದಿಲ್ಲ. ಈ ತರದ್ದನ್ನು ಯಾರಿಗೂ ಹೇಳುವುದಿಲ್ಲ.

ಎರಡನೆಯದು ತೊಗಲಿನ ಒರೆ. ನಮ್ಮ ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ಕಾಕಾ ಒಬ್ಬರಿದ್ದಾರೆ. ಚಾಕು ಕೊಟ್ಟೆ. ಹೆಬ್ಬೆರಳ ಉಗುರಿನ ಮೇಲೆ ಅಲಗು ಇಟ್ಟು ಹರಿತ ನೋಡಿದರು. "ಮೆತ್ತನ್ ತೊಗಲು ಬ್ಯಾಡ, ಅಟ್ಟಿ ತೊಗಲು ಹಾಕ್ತೀನಿ. ನಡುವ ಒಂದು ಪಟ್ಟಿ ಕೊಡಬೇಕು ತಮ್ಮಾ, ಇಲ್ಲಂದ್ರ ದಾರಾನ ಕೊಯ್ಕೊಂಡು ಹೊರಗ ಬರ್ತೈತಿ" ಅಂದರು. ನಾನು ಏನೂ ಹೇಳಿರಲಿಲ್ಲ. ಅವರು ಜೀವನದಲ್ಲಿ ಚಾಕುವಿಗೆ ಒರೆ ಹೊಲಿದದ್ದು ಅದೇ ಮೊದಲು.

ಆ ನಡುವಿನ ಪಟ್ಟಿಯೇ ತೊಗಲಿನ ಒರೆಯ ಜೀವ. ಎರಡು ಪದರದ ಮಧ್ಯೆ, ಹರಿತದ ಬದಿ ಬರುವ ಕಡೆ, ಮೂರನೇ ಪದರ ಒಂದು ಇರಬೇಕು. ಅಲಗು ಅದಕ್ಕೆ ತಾಗುತ್ತದೆಯೇ ಹೊರತು ಹೊಲಿಗೆಗೆ ತಾಗುವುದಿಲ್ಲ. ಆನ್‌ಲೈನ್‌ನಲ್ಲಿ ಕೊಳ್ಳುವವರು ಒರೆಯ ಅಂಚಿನ ಫೋಟೋ ದೊಡ್ಡದು ಮಾಡಿ ಮೂರು ಪದರ ಎಣಿಸಿ. ಎರಡೇ ಕಂಡರೆ ಬಿಟ್ಟುಬಿಡಿ.

ಇನ್ನೊಂದು, ತೊಗಲಿನ ಹದ. ಈಗ ಪೇಟೆಯಲ್ಲಿ ಸಿಗುವ ಮೆತ್ತನೆಯ ಚರ್ಮ ಹೆಚ್ಚಾಗಿ ಕ್ರೋಮ್ ಹದದ್ದು, ಅಂದರೆ ಕ್ರೋಮಿಯಂ ಲವಣ ಹಾಕಿ ಹದ ಮಾಡಿದ್ದು. ಅದರಲ್ಲಿ ಉಳಿದ ಲವಣ ಕಾರ್ಬನ್ ಸ್ಟೀಲಿಗೆ ತುಕ್ಕು ತರಿಸುತ್ತದೆ, ಆಕಾರವೂ ನಿಲ್ಲುವುದಿಲ್ಲ. ಜಾಲಿ ತೊಗಟೆ, ತಂಗಡಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ್ದು ಗಟ್ಟಿ. ನೀರಲ್ಲಿ ನೆನೆಸಿ, ಚಾಕುವಿಗೆ ಪ್ಲಾಸ್ಟಿಕ್ ಸುತ್ತಿ ಒಳಗಿಟ್ಟು, ಬೆರಳಲ್ಲಿ ಒತ್ತಿ ನೆರಳಲ್ಲಿ ಒಣಗಿಸಿದರೆ ಚಾಕುವಿನ ಮೈಗೆ ಅಚ್ಚು ಹಾಕಿದ ಹಾಗೆ ಕೂರುತ್ತದೆ. ಕೊಯ್ದ ಅಂಚು ನೋಡಿದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ಒಳಗೆ ನೀಲಿ ಬೂದು ಇದ್ದರೆ ಕ್ರೋಮ್, ಪೂರ್ತಿ ಕಂದು ಇದ್ದರೆ ತೊಗಟೆಯದು. (ನಮ್ಮ ಕೊಪ್ಪಳದ ಮೋರನಾಳ ತೊಗಲುಗೊಂಬೆಗೆ ಹೆಸರಾದ ಊರು. ಆ ತೊಗಲು ಆಗಬಹುದಾ ಅಂತ ಗೆಳೆಯನೊಬ್ಬ ಕೇಳಿದ. ಅದು ದೀಪದ ಬೆಳಕು ಹಾಯುವಷ್ಟು ತೆಳ್ಳಗೆ ಕೆರೆದ ಆಡಿನ ತೊಗಲು ಮಾರಾಯಾ, ಚಾಕುವಿಗಲ್ಲ.)

ಎರಡು ವರ್ಷ ದಾಟಿದರೂ ಹೊಲಿಗೆಯ ಒಂದು ಎಳೆ ಬಿಟ್ಟಿಲ್ಲ. ಚಾಕು ತೆಗೆಯುವಾಗ ಸದ್ದಿಲ್ಲ. ಕೈಗೆ ಹಿತ. ಆದರೆ ನೀರು ಅಂದರೆ ಆಗದು. ಸಾಣಾಪುರದಲ್ಲಿ ಹರಿಗೋಲು ಹತ್ತಿದ ದಿನ ಸೊಂಟದವರೆಗೆ ನೆನೆದೆ. ಮನೆಗೆ ಬಂದು ಸುಸ್ತಾಗಿ ಮಲಗಿಬಿಟ್ಟೆ. ಬೆಳಿಗ್ಗೆ ಅಲಗಿನ ಮೇಲೆ ಮಸಿ ಚೆಲ್ಲಿದ ಹಾಗೆ ಕಪ್ಪು ಕಲೆ. ಮಸಿ ಅಂದದ್ದು ಸುಮ್ನೆ ಅಲ್ಲ. ಹಿಂದೆ ಅಳಲೆಕಾಯಿ ರಸಕ್ಕೆ ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದರಲ್ಲ, ಒರೆಯೊಳಗೆ ನಡೆದದ್ದೂ ಅದೇ. ತಾಮ್ರದ ರಿವೆಟ್ ಸುತ್ತ ಹಸಿರು ಕಿಲುಬು ಬೇರೆ. ಅದು ಒರೆಸಿದರೆ ಹೋಗುತ್ತದೆ, ಮತ್ತೆ ಬರುತ್ತದೆ. ಈಗ ಚಾಕುವನ್ನು ತೊಗಲಿನಲ್ಲಿ ರಾತ್ರಿ ಬಿಡುವುದಿಲ್ಲ. ಎಣ್ಣೆಯೂ ಜಾಸ್ತಿ ಹಚ್ಚಬಾರದು, ತೊಗಲು ಮೆತ್ತಗಾಗಿ ಹಿಡಿತ ಹೋಗುತ್ತದೆ. ವರ್ಷಕ್ಕೆ ಎರಡು ಸಲ ಜೇನುಮೇಣ ಸವರಿದರೆ ಸಾಕು.

ಮಳೆಗಾಲಕ್ಕೆ ಅಂತ ಕೈಡೆಕ್ಸ್ ಒರೆ ತರಿಸಿದೆ. ಚಾಕುವಿನ ರೇಟಿಗಿಂತ ಜಾಸ್ತಿ ಬಿತ್ತು. ನಮ್ಮವ್ವ ಕೇಳಿ, "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ" ಅಂದಳು. ಕೈಡೆಕ್ಸ್ ಅಂದರೆ ಪಿವಿಸಿ ಮತ್ತು ಅಕ್ರಿಲಿಕ್ ಸೇರಿದ ಪ್ಲಾಸ್ಟಿಕ್ ಹಾಳೆ. ಸುಮಾರು 160 ಡಿಗ್ರಿಗೆ ಕಾಯಿಸಿ ಚಾಕುವಿನ ಮೇಲೆ ಒತ್ತಿ ಆಕಾರ ಕೊಡುತ್ತಾರೆ. ಚಾಕು ಒಳಗೆ ಹೋದಾಗ "ಟಕ್" ಅನ್ನುತ್ತದೆ. ತಲೆಕೆಳಗೆ ಹಿಡಿದು ಅಲ್ಲಾಡಿಸಿದರೂ ಬೀಳುವುದಿಲ್ಲ. ಕೆಳಗೆ ತೂತು ಇದೆ, ನೀರು ಇಳಿದುಹೋಗುತ್ತದೆ. ಕಣ್ಣು ಬೇರೆ ಕಡೆ ಇದ್ದರೂ ಒಂದೇ ಕೈಯಲ್ಲಿ ವಾಪಸ್ ಹಾಕಬಹುದು. ನನಗಂತೂ ಇದೇ ಮುಖ್ಯ. ಚಾಕು ತೆಗೆಯುವಾಗ ನಾವು ಎಚ್ಚರ ಇರುತ್ತೇವೆ, ಒಳಗೆ ಹಾಕುವಾಗಲೇ ಕೈ ಕೊಯ್ದುಕೊಳ್ಳುವುದು.

ತೊಂದರೆ ಎರಡು. ಭತ್ತದ ಕೊಯ್ಲಿನ ಹೊತ್ತಿಗೆ ಹೊಟ್ಟು, ಧೂಳು, ಎರಿ ಮಣ್ಣು ಎಲ್ಲ ಒಳಗೆ ಸೇರಿ ಅಲಗಿನ ಎರಡೂ ಮೈಗೆ ಗೀರು ಬಿತ್ತು. ಒರೆ ತೊಳೆದಿದ್ದರೆ ಆ ಕಸ ಹೋಗುತ್ತಿತ್ತು, ನಾನೇ ತೊಳೆಯಲಿಲ್ಲ. ಎರಡನೆಯದೂ ನನ್ನದೇ ತಪ್ಪು. ಮೇ ತಿಂಗಳಲ್ಲಿ ರಾಯಚೂರಿಗೆ ಹೋದಾಗ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಮದುವೆ ಊಟಕ್ಕೆ ಹೋದೆ. ಹೊರಗೆ 40 ದಾಟಿದ ಬಿಸಿಲು. ಮುಚ್ಚಿದ ಗಾಜಿನ ಕೆಳಗಿನ ಶಾಖ ಕೇಳಬೇಡಿ. ಬಂದು ನೋಡಿದರೆ ಒರೆಯ ಬಾಯಿ ಅಗಲಿತ್ತು, ಟಕ್ ಹೋಗಿ ಲೊಡಲೊಡ. ಮೊಬೈಲ್ ರಿಪೇರಿ ಅಂಗಡಿಯ ಹುಡುಗ ಬಿಸಿಗಾಳಿ ಬ್ಲೋವರ್‌ನಲ್ಲಿ ಬಾಯಿ ಮೆತ್ತಗೆ ಮಾಡಿ ಒತ್ತಿಕೊಟ್ಟ. ಚಾಕುವಿಗೆ ಮೊದಲೇ ಎರಡು ಸುತ್ತು ಪೇಪರ್ ಟೇಪ್ ಸುತ್ತಿದ್ದೆವು, ಇಲ್ಲದಿದ್ದರೆ ತೀರಾ ಬಿಗಿಯಾಗುತ್ತಿತ್ತು. ದುಡ್ಡು ತಗೊಳ್ಳಲಿಲ್ಲ, ಚಹಾ ಕುಡಿಸಿದೆ.

ಆ ಬ್ಲೋವರ್ ನೋಡಿದ ಮೇಲೆಯೇ ನಾಲ್ಕನೆಯದು ಹುಟ್ಟಿದ್ದು. ಕೈಡೆಕ್ಸ್‌ನಲ್ಲಿ ಇರುವುದೂ ಪಿವಿಸಿ ಅಲ್ವಾ? ನಮ್ಮ ಮೋಟಾರ್ ಮನೆ ಹಿಂದೆ ಒಂದೂಕಾಲು ಇಂಚಿನ ಪಿವಿಸಿ ಪೈಪಿನ ತುಂಡು ಬೇಕಾದಷ್ಟು ಬಿದ್ದಿವೆ. ಒಂದನ್ನು ನಿಧಾನಕ್ಕೆ ಕಾಯಿಸಿ, ಟೇಪ್ ಸುತ್ತಿದ ಚಾಕು ಒಳಗಿಟ್ಟು, ಎರಡು ಹಲಗೆ ನಡುವೆ ಹಾಕಿ ಮೇಲೆ ಕೂತೆ. ಐದು ನಿಮಿಷದಲ್ಲಿ ಒರೆ. ಬಯಲಲ್ಲಿ ಮಾಡಿ, ಬೆಂಕಿಗೆ ಹಿಡಿಯಬೇಡಿ. ಪೈಪ್ ಕಪ್ಪಾದರೆ ಬರುವ ಘಾಟು ಹೊಗೆ ಒಳ್ಳೆಯದಲ್ಲ. ಮೊದಲ ಎರಡು ತುಂಡು ಕೆಟ್ಟವು. ಮೂರನೆಯದು ಎಂಟು ತಿಂಗಳಿಂದ ಹೊಲದಲ್ಲಿ ನನ್ನ ಸೊಂಟದಲ್ಲಿದೆ. ನೋಡೋಕೆ ಚೆನ್ನಾಗಿಲ್ಲ, ನಿಜ. ಕೆಸರಾದರೆ ಕಾಲುವೆಯಲ್ಲಿ ಅದ್ದಿ ಎತ್ತುತ್ತೇನೆ.

ತೂಗುಹಾಕುವ ಬಗ್ಗೆ ಒಂದು ಮಾತು. ಬೆಲ್ಟಿಗೆ ಬಿಗಿಯಾಗಿ ಎತ್ತರಕ್ಕೆ ಕೂರುವ ಒರೆಯಾದರೆ ಬೈಕ್ ಮೇಲೆ ಕೂತಾಗ ಹಿಡಿ ಪಕ್ಕೆಗೆ ಚುಚ್ಚುತ್ತದೆ. ಸ್ವಲ್ಪ ಕೆಳಗೆ ಜೋತಾಡುವ ಹಾಗೆ ಪಟ್ಟಿ ಇರಲಿ. ಬಸ್ಸಲ್ಲಿ ಹೋಗುವಾಗ ಮಾತ್ರ ಸೊಂಟದಲ್ಲಿ ಬೇಡ, ಬ್ಯಾಗಿನ ತಳಕ್ಕೆ ಹಾಕಿ. 2016ರ ಶಸ್ತ್ರಾಸ್ತ್ರ ನಿಯಮದ ಪಟ್ಟಿಯಲ್ಲಿ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು. ನಮ್ಮದು ಅದರ ಅರ್ಧವೂ ಇಲ್ಲ. ಆದರೂ ಪಕ್ಕದಲ್ಲಿ ಕೂತ ಅಜ್ಜಿಗೆ ನಿಯಮ ಓದಿ ಹೇಳೋಕಾಗುತ್ತಾ?

ಪೈಪಿನ ತುದಿಯನ್ನೇ ಬಗ್ಗಿಸಿ ಬೆಲ್ಟ್ ಕುಣಿಕೆ ಮಾಡಿದ್ದೆ. ಬಿಸಿಲಿಗೆ ಒಣಗಿ ಹೋದ ತಿಂಗಳು ಸೀಳಿತು. ಮತ್ತೆ ಬಸ್ ಸ್ಟ್ಯಾಂಡಿನ ಕಾಕಾ ಹತ್ತಿರ ಒಯ್ದೆ. ತಿರುಗಿಸಿ ಮುರುಗಿಸಿ ನೋಡಿದರು. ಮೂಗಿನ ಹತ್ತಿರ ಹಿಡಿದು ಮೂಸಿದರು. "ನೀರಿನ ಪೈಪ್ ಐತೇನೋ ಇದು? ನನ್ ಹೊಟ್ಟಿ ಮ್ಯಾಲ ಹೊಡದ್ಯಲ್ಲೋ ತಮ್ಮಾ" ಅಂತ ನಕ್ಕರು. ಆಮೇಲೆ ಅದೇ ಅಟ್ಟಿ ತೊಗಲಿನ ಪಟ್ಟಿ ಒಂದನ್ನು ಕೊಯ್ದು, ಎರಡು ರಿವೆಟ್ ಹೊಡೆದು, ಐವತ್ತು ರೂಪಾಯಿ ತಗೊಂಡರು.