ಮನೆಯ ವ್ಯಾಲಿಡೇಟರ್‌ಗೆ ಪ್ರೊಮೀಥಿಯಸ್–ಗ್ರಫಾನಾ ಕಾವಲು ಸಾಕೇ?

ಹುಬ್ಬಳ್ಳಿ-ಧಾರವಾಡದಲ್ಲಿ ಮನೆಯಲ್ಲೇ ಇಥೀರಿಯಂ ವ್ಯಾಲಿಡೇಟರ್ (ಠೇವಣಿ ಇಟ್ಟು ಇಥೀರಿಯಂ ಬ್ಲಾಕ್‌ಚೈನ್‌ನ ಬ್ಲಾಕ್‌ಗಳನ್ನು ಪರಿಶೀಲಿಸುವ ವ್ಯವಸ್ಥೆ) ನಡೆಸುವವರಿಗೆ ಈ ಉಚಿತ ಜೋಡಿ ನಿಜಕ್ಕೂ ಒಳ್ಳೆಯದು. ಪೋರ್ಟ್ 9090ರಲ್ಲಿ ಅಂಕಿಅಂಶ ಕೂಡಿಡುವ ಪ್ರೊಮೀಥಿಯಸ್, 3000ರಲ್ಲಿ ಅದನ್ನು ಗ್ರಾಫ್ ಮಾಡಿ ತೋರಿಸುವ ಗ್ರಫಾನಾ, 9100ರಲ್ಲಿ ಯಂತ್ರದ ಸ್ಥಿತಿ ತಿಳಿಸುವ ನೋಡ್ ಎಕ್ಸ್‌ಪೋರ್ಟರ್. ಒಂದು ಇಪಾಕ್ (ಇಥೀರಿಯಂನ ಒಂದು ಸುತ್ತು) ಅಂದರೆ 6.4 ನಿಮಿಷ, ಅಷ್ಟರೊಳಗೆ ಒಂದು ಅಟೆಸ್ಟೇಶನ್ (ಬ್ಲಾಕ್‌ಗಳ ಬಗ್ಗೆ ವ್ಯಾಲಿಡೇಟರ್ ಹಾಕುವ ಮತ) ಹೋಗಲೇಬೇಕು. ಸತತ ಎರಡು ತಪ್ಪಿದರೆ ಅಲರ್ಟ್ ಬರುವಂತೆ ಇಡಿ. ಒಂದಕ್ಕೇ ಇಟ್ಟರೆ ಸುಮ್ಮಸುಮ್ಮನೆ ನಿದ್ದೆಗೆಡಬೇಕು. ಅಟೆಸ್ಟೇಶನ್ ಹೋಗುತ್ತಿದ್ದೂ ಅದರೊಳಗಿನ ಹೆಡ್ ವೋಟ್ (ತೀರಾ ಹೊಸ ಬ್ಲಾಕ್ ಯಾವುದೆಂಬ ಮತ) ತಪ್ಪುತ್ತಿದ್ದರೆ ಮೊದಲು ಯಂತ್ರದ ಗಡಿಯಾರ, ಆಮೇಲೆ ಡಿಸ್ಕ್ ವೇಗ, ಪಿಯರ್ (ಸಂಪರ್ಕದಲ್ಲಿರುವ ಬೇರೆ ನೋಡ್) ಸಂಖ್ಯೆ ನೋಡಿ.

ಒಂದೇ ದೊಡ್ಡ ಕೊರತೆ: ಎಲ್ಲವನ್ನೂ ಅದೇ ಯಂತ್ರದಲ್ಲಿಟ್ಟರೆ ಕರೆಂಟ್ ಹೋದಾಗ ಕಾವಲುಗಾರನೂ ಮಲಗುತ್ತಾನೆ, ಅಲರ್ಟೇ ಬರುವುದಿಲ್ಲ. ಹೊರಗಿನ ಸಣ್ಣ ಸರ್ವರ್ ಒಂದರಿಂದಲೂ ನಿಗಾ ಬೇಕು. ಯುಪಿಎಸ್ ರೌಟರ್‌ಗೂ ಬೇಕು. ಗಾಬರಿಯಲ್ಲಿ ವ್ಯಾಲಿಡೇಟರ್ ಸಹಿ ಹಾಕುವ ಅದೇ ಕೀಲಿಯನ್ನು ಇನ್ನೊಂದು ಯಂತ್ರದಲ್ಲಿ ಎಂದಿಗೂ ಶುರು ಮಾಡಬೇಡಿ. ಕೆಲ ತಾಸು ಬಂದ್ ಆದರೆ ಹೋಗುವುದು ಚಿಲ್ಲರೆ. ಒಂದೇ ಕೀಲಿ ಎರಡು ಕಡೆ ಓಡಿ ಸ್ಲ್ಯಾಶಿಂಗ್ (ನಿಯಮ ಮುರಿದದ್ದಕ್ಕೆ ದಂಡ) ಆದರೆ ಠೇವಣಿಗೇ ಕತ್ತರಿ.