ಆರ್‌ಎನ್‌ಏಸ್-3: ಕಿಣ್ವ ಹರಿತ, ಪೆಟ್ಟಿಗೆ ಮಾತ್ರ ಮೊಂಡು

ಶಿವಮೊಗ್ಗದ ಕಾಲೇಜೊಂದರಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಪಾಠ ಮಾಡುವವಳು ನಾನು. ಈ ಮಳೆಗಾಲದಲ್ಲಿ ಇ. ಕೋಲಿ ಬ್ಯಾಕ್ಟೀರಿಯಾದ ಆರ್‌ಎನ್‌ಏಸ್-3 ಕಿಣ್ವದ ಒಂದು ಸೀಸೆ ತರಿಸಿದೆ. ಜೀನಿನ ನಕಲಾದ ಆರ್‌ಎನ್‌ಎ ಎಳೆಯನ್ನು ಕತ್ತರಿಸುವುದೇ ಇದರ ಕೆಲಸ. ಬೆರಳುಗುರಿನಷ್ಟು ದ್ರವ, ಅದಕ್ಕೆ ವಿಭಾಗದ ಸಾದಿಲ್ವಾರು ಹಣದ ದೊಡ್ಡ ಪಾಲು ಕರಗಿತು. ನಮ್ಮ ಅಟೆಂಡರ್ ಕೇಳಿಯೇಬಿಟ್ಟರು: "ಮೇಡಂ, ಗ್ಲೌಸ್ ಹಾಕದಿದ್ದರೆ ಆರ್‌ಎನ್‌ಎ ಹಾಳಾಗುತ್ತದೆ ಎಂದು ಹುಡುಗರಿಗೆ ಬೈಯುತ್ತೀರಿ. ಈಗ ಹಾಳು ಮಾಡುವುದನ್ನೇ ದುಡ್ಡು ಕೊಟ್ಟು ತರಿಸಿದ್ದೀರಲ್ಲ?"

ಮಾತು ಸರಿಯೇ. ಆದರೆ ನಮ್ಮ ಬೆವರಿನ ಕಿಣ್ವ ಮುಖ್ಯವಾಗಿ ಒಂಟಿ ಎಳೆಯನ್ನು ಕಂಡಕಂಡಲ್ಲಿ ಕಡಿಯುತ್ತದೆ. ಇದು ಹಿಡಿಯುವುದು ಜೋಡಿ ಎಳೆಯನ್ನು. ಎರಡು ಅರ್ಧಗಳು ಸೇರಿ ಒಂದು ಕಿಣ್ವ, ಒಂದೊಂದು ಅರ್ಧ ಒಂದೊಂದು ಎಳೆಯನ್ನು ಕತ್ತರಿಸುತ್ತದೆ. ಅಡಕತ್ತರಿ ಎಂದೆ ತರಗತಿಯಲ್ಲಿ. ಅಡಕತ್ತರಿಗೆ ಒಂದೇ ಕಡೆ ಹರಿತ, ಇದಕ್ಕೆ ಎರಡೂ ಕಡೆ, ಅಷ್ಟೇ ವ್ಯತ್ಯಾಸ.

ಮೊದಲ ಸೀಸೆಯ ಕಥೆ ಕೇಳಬೇಡಿ. ಬೆಂಗಳೂರಿನಿಂದ ಶುಕ್ರವಾರ ಹೊರಟ ಥರ್ಮೋಕೋಲ್ ಪೆಟ್ಟಿಗೆ ಸೋಮವಾರ ಮಧ್ಯಾಹ್ನ ಕೈಸೇರಿತು. ಒಳಗಿದ್ದ ಐಸ್ ಪ್ಯಾಕ್‌ಗಳು ಬೆಚ್ಚಗಿನ ನೀರಿನ ಚೀಲಗಳಾಗಿದ್ದವು. ಪರೀಕ್ಷಿಸಿದರೆ, ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸಿ ತೋರಿಸುವ ಜೆಲ್‌ನಲ್ಲಿ ಆರ್‌ಎನ್‌ಎ ಇದ್ದಲ್ಲೇ ಇತ್ತು, ಅಂದರೆ ಕಿಣ್ವ ಏನನ್ನೂ ಕಡಿದಿರಲಿಲ್ಲ. ಜೆಲ್‌ನ ಫೋಟೊ ಕಳಿಸಿ ಜಗಳವಾಡಿದ ಮೇಲೆ ಮಾರಾಟಗಾರರು ಇನ್ನೊಂದನ್ನು ಫ್ಲಾಸ್ಕಿನಲ್ಲಿಟ್ಟು ರಾತ್ರಿ ಬಸ್ಸಿಗೆ ಹಾಕಿದರು. ಬೆಳಿಗ್ಗೆ ಆರಕ್ಕೆ ಮಳೆಯಲ್ಲಿ ನೆನೆಯುತ್ತ ಬಸ್ ನಿಲ್ದಾಣದಲ್ಲಿ ಇಳಿಸಿಕೊಂಡೆವು. ಐಸ್ ಇನ್ನೂ ಗಟ್ಟಿಯಾಗಿತ್ತು.

ಈ ಸೀಸೆ ಮಾತ್ರ ಕೊಟ್ಟ ಕಾಸಿಗೆ ಮೋಸ ಮಾಡಲಿಲ್ಲ. ಅರ್ಧದಷ್ಟು ಗ್ಲಿಸರಾಲ್ ಇರುವುದರಿಂದ ಮೈನಸ್ 20 ಡಿಗ್ರಿಯಲ್ಲೂ ಹೆಪ್ಪುಗಟ್ಟುವುದಿಲ್ಲ, ಪಿಪೆಟ್ಟಿಗೆ ನೇರವಾಗಿ ಬರುತ್ತದೆ. ಈ ಕಿಣ್ವಕ್ಕೆ ಬೇಕೇಬೇಕಾದ ಮೆಗ್ನೀಷಿಯಂ ಇರುವ ಬಫರ್ ದ್ರಾವಣದಲ್ಲಿ 37 ಡಿಗ್ರಿಗೆ ಇಟ್ಟೆವು. ಉದ್ದನೆಯ ಜೋಡಿ ಆರ್‌ಎನ್‌ಎ ಪಟ್ಟಿ ಮಾಯವಾಗಿ, ಜೆಲ್‌ನ ತಳದಲ್ಲಿ ಚೂರುಗಳ ಮಸುಕು ಮೂಡಿತು. ಲೋಹಗಳನ್ನು ಹಿಡಿದಿಟ್ಟುಕೊಳ್ಳುವ ಇ.ಡಿ.ಟಿ.ಎ. ಎಂಬ ರಾಸಾಯನಿಕ ಹಾಕಿದ ನಳಿಕೆಯಲ್ಲಿ ಮೆಗ್ನೀಷಿಯಂ ಅದಕ್ಕೆ ಸಿಕ್ಕಿಬಿದ್ದು ಕಿಣ್ವ ಕೈಕಟ್ಟಿ ಕೂತಿತು. ಹುಡುಗರು ಚಪ್ಪಾಳೆ ತಟ್ಟಿದರು, ವಿದ್ಯುತ್ ಹೋಗುವ ಮೊದಲೇ ಫೋಟೊ ತೆಗೆದದ್ದು ನಮ್ಮ ಪುಣ್ಯ.

ನನ್ನ ದೊಡ್ಡ ತಕರಾರು ಜೊತೆಗೆ ಬಂದ ಕೈಪಿಡಿಯ ಮೇಲೆ. ಬಳಸುವ ಕ್ರಮ ಬಿಟ್ಟರೆ ಅದರಲ್ಲಿ ಈ ಕಿಣ್ವದ ಹುಟ್ಟೂರಿನ ಸುದ್ದಿಯೇ ಇಲ್ಲ. ಸ್ವಾರಸ್ಯ ಇರುವುದೇ ಅಲ್ಲಿ. ಬ್ಯಾಕ್ಟೀರಿಯಾಕ್ಕೆ ನುಗ್ಗುವ ಟಿ7 ವೈರಸ್ ಮೊದಲು ಒಂದು ಉದ್ದನೆಯ ಆರ್‌ಎನ್‌ಎ ಬರೆಸುತ್ತದೆ. ಆರ್‌ಎನ್‌ಏಸ್-3 ಅದನ್ನು ಐದು ಸಂದೇಶವಾಹಕ ಆರ್‌ಎನ್‌ಎಗಳಾಗಿ, ಅಂದರೆ ಪ್ರೋಟೀನ್ ತಯಾರಿಕೆಯ ಸಂದೇಶಗಳಾಗಿ, ಕತ್ತರಿಸುತ್ತದೆ ಎಂದು 1973ರಲ್ಲೇ ವಿಜ್ಞಾನಿಗಳಾದ ಡನ್ ಮತ್ತು ಸ್ಟಡಿಯರ್ ತೋರಿಸಿದ್ದರು. ಕತ್ತರಿಸಿದ ತುದಿಯಲ್ಲಿ ಉಳಿಯುವ, ಎಳೆ ತನ್ನ ಮೇಲೇ ಮಡಚಿಕೊಂಡಾದ ಕುಣಿಕೆ ಆ ಸಂದೇಶವನ್ನು ಕಾಯುತ್ತದೆ, ಅಂದರೆ ಕಡಿದವನೇ ಕಾವಲುಗಾರ! ಬ್ಯಾಕ್ಟೀರಿಯಾಕ್ಕೆ ನುಗ್ಗುವ ಇನ್ನೊಂದು ವೈರಸ್ಸಾದ ಲ್ಯಾಮ್ಡಾದಲ್ಲಿ ಇದೇ ಕಿಣ್ವ ಶತ್ರು. ಆ ವೈರಸ್ಸಿನ 'ಇಂಟ್' ಎಂಬ ಜೀನಿನ ಸಂದೇಶದ ಆಚೆ 'ಸಿಬ್' ಎಂಬ ಕಡೆ ಕುಣಿಕೆಯನ್ನು ಕಡಿದು ಬಾಗಿಲು ತೆರೆದುಕೊಡುತ್ತದೆ. ಅಲ್ಲಿಂದ ಪಿ.ಎನ್.ಪಿ.ಏಸ್ ಎಂಬ ಇನ್ನೊಂದು ಕಿಣ್ವ ಹಿಮ್ಮುಖವಾಗಿ ತಿನ್ನುತ್ತ ಬಂದು ಸಂದೇಶವನ್ನೇ ಮುಗಿಸುತ್ತದೆ. ಇನ್ನೂ ತಮಾಷೆಯೆಂದರೆ, ನಾವು ಆ ಜೋಡಿ ಆರ್‌ಎನ್‌ಎ ತಯಾರಿಸಿದ್ದು ಟಿ7 ವೈರಸ್ಸಿನದೇ ಪಾಲಿಮರೇಸ್‌ನಿಂದ, ಅಂದರೆ ಆರ್‌ಎನ್‌ಎ ಬರೆಯುವ ಕಿಣ್ವದಿಂದ. ಇಷ್ಟು ಕಥೆಗೆ ಕೈಪಿಡಿಯಲ್ಲಿ ಒಂದು ಪುಟ ಕೊಟ್ಟಿದ್ದರೆ ಕಾಗದಕ್ಕೇನು ಬರವಿತ್ತೆ?

ಐದಕ್ಕೆ ಮೂರೂವರೆ ಕೊಡುತ್ತೇನೆ. ಕಳೆದ ಒಂದೂವರೆ ಪೂರ್ತಿ ಸಾಗಣೆ ಮತ್ತು ಕೈಪಿಡಿಯದು. ಮಲೆನಾಡಿನವರು ಕೊಳ್ಳುವುದಾದರೆ ಸೋಮವಾರವೇ ಹೊರಡಿಸಿ ಎಂದು ಬರೆದುಕೊಡಿ, ಆಗದಿದ್ದರೆ ರಾತ್ರಿ ಬಸ್ಸಿಗೆ ಹಾಕಲು ಹೇಳಿ. ಆ ಫ್ಲಾಸ್ಕನ್ನು ಅವರು ಇನ್ನೂ ವಾಪಸು ಕೇಳಿಲ್ಲ. ಅಟೆಂಡರ್ ಅದರ ಮೇಲೆ ಕಣ್ಣಿಟ್ಟಿದ್ದಾರೆ, ಮನೆಯಿಂದ ಕಷಾಯ ತರಲು.